ಹಿಮಾಲಯದ ಕಾಲ್ನಡೆಯ ಪಂಡಿತರು

ಪಾಠಶಾಲೆಯ ಗೋಡೆಯ ಮೇಲೆ ತೂಗುವ ಭೂಪಟವನ್ನು ನಾವೆಲ್ಲರೂ ನೋಡಿದ್ದೇವೆ. ಅದರ ಉತ್ತರದ ಅಂಚಿನಲ್ಲಿ ಹಿಮಾಲಯದ ಕಂದುಬಣ್ಣದ ಪಟ್ಟೆಯುಂಟು. ಅದರಾಚೆ, ಪಶ್ಚಿಮದಿಂದ ಪೂರ್ವಕ್ಕೆ ಬಹುದೂರ ಹರಿದು, ಒಮ್ಮೆಲೇ ದಕ್ಷಿಣಕ್ಕೆ ತಿರುಗಿ ಅಸ್ಸಾಮಿಗೆ ಇಳಿಯುವ ಒಂದು ನೀಲಿಯ ಗೆರೆಯುಂಟು. ಉಪಾಧ್ಯಾಯರು ಕೋಲಿನಿಂದ ಅದನ್ನು ತೋರಿಸಿ ‘ಇದು ಬ್ರಹ್ಮಪುತ್ರಾ’ ಎನ್ನುತ್ತಾರೆ. ಮಕ್ಕಳು ಹಾಗೆಂದೇ ಬರೆದುಕೊಳ್ಳುತ್ತಾರೆ. ಆ ಗೆರೆಯನ್ನು ಅಲ್ಲಿ ಎಳೆದವರು ಯಾರು, ನದಿಯು ಅಲ್ಲಿಯೇ ತಿರುಗುವುದೆಂದು ಅವರಿಗೆ ತಿಳಿದುದು ಹೇಗೆ ಎಂದು ಕೇಳುವವರು ವಿರಳ. ಶ್ರೋತೃಗಳೆ, ಆ ಪ್ರಶ್ನೆಯನ್ನು ಈ ಸಂಜೆ ನಾವು ಕೇಳಿಕೊಳ್ಳೋಣ. ಉತ್ತರವು ದೊಡ್ಡ ಯಂತ್ರಗಳಲ್ಲಿಯೂ ಇಲ್ಲ, ದಂಡಯಾತ್ರೆಗಳಲ್ಲಿಯೂ ಇಲ್ಲ. ಇಬ್ಬರು ಮೂವರು ಬೆಟ್ಟದ ಮನುಷ್ಯರ ಅಂಗಾಲುಗಳಲ್ಲಿಯೂ ಅವರ ಜ್ಞಾಪಕಶಕ್ತಿಯಲ್ಲಿಯೂ ಇದೆ.

ಈ ವೃತ್ತಾಂತದ ಮೊದಲ ಎಳೆ ನಮ್ಮ ನಾಡಿನಲ್ಲಿಯೇ ಸಿಕ್ಕುತ್ತದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯು ಮೈಸೂರು ಸೀಮೆಯಿಂದಾರಂಭಿಸಿ ಇಡೀ ದೇಶವನ್ನು ತ್ರಿಕೋಣಗಳಿಂದ ಅಳೆಯಬೇಕೆಂಬ ಯೋಜನೆಯನ್ನು ಮುಂದಿಟ್ಟನು. ೧೮೦೦ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಸರಪಣಿ ಹಿಡಿದು ಅಳೆದನು. ಆ ತ್ರಿಕೋಣಗಳ ಬಲೆಯು ಅರ್ಧ ಶತಮಾನದಲ್ಲಿ ಬಯಲುಗಳನ್ನು ದಾಟಿ ಹಿಮಾಲಯದ ಬುಡವನ್ನು ಮುಟ್ಟಿತು. ತಪ್ಪಲಿನಲ್ಲಿ ನಿಂತು ದೂರದರ್ಶಕವನ್ನು ತಿರುಗಿಸಿ, ತಾವು ಎಂದೂ ಕಾಲಿಡದ ಶಿಖರಗಳ ಎತ್ತರವನ್ನು ಸಹ ಮೋಜಣಿಯವರು ಲೆಕ್ಕ ಹಾಕಿದರು. ಆದರೆ ಶಿಖರಗಳ ಬೆನ್ನಿಗಿರುವ ಕಣಿವೆಗಳು ದೂರದರ್ಶಕಕ್ಕೆ ಕಾಣಿಸವು. ಅಲ್ಲಿಗೆ ನಡೆದೇ ಹೋಗಬೇಕು, ಹೋಗಲು ಅಪ್ಪಣೆಯಿಲ್ಲ.

ತಿಬೆಟ್ಟಿನವರು ಬಾಗಿಲನ್ನು ಮುಚ್ಚಿದುದು ಮೌಢ್ಯದಿಂದ ಎಂದು ಆ ಕಾಲದ ಅನೇಕ ಗ್ರಂಥಕರ್ತರು ಬರೆದರು. ನಮಗೆ ಹಾಗೆ ತೋರುವುದಿಲ್ಲ. ವ್ಯಾಪಾರಕ್ಕೆಂದು ಬಂದ ಕುಂಪಣಿಯು ಒಂದೊಂದೇ ಸೀಮೆಯನ್ನು ನುಂಗಿದುದನ್ನು ಅವರು ಬೆಟ್ಟದ ಮೇಲಿನಿಂದ ನೋಡುತ್ತಿದ್ದರು. ಮೊದಲು ಅಳೆಯುವವನು ಬರುವನು, ಅವನ ಹಿಂದೆ ಆಳುವವನು ಬರುವನು ಎಂಬ ಭಯವು ನಿರಾಧಾರವಾದುದಲ್ಲ. ಆದುದರಿಂದ ಐರೋಪ್ಯನು ಕಣಿವೆಯ ಬಾಯಲ್ಲಿ ಕಾಣಿಸಿಕೊಂಡರೆ ಗಡಿಯ ಕಾವಲುಗಾರನು ಅವನನ್ನು ಹಿಂದಕ್ಕೆ ಕಳುಹಿಸುತ್ತಿದ್ದನು. ಒಳಕ್ಕೆ ಬಿಟ್ಟ ಅಧಿಕಾರಿಗೆ ಶಿಕ್ಷೆ ಕಾದಿತ್ತು.

ಆದರೆ ಕಣಿವೆಯು ಎಲ್ಲರಿಗೂ ಮುಚ್ಚಿರಲಿಲ್ಲ. ಕುಮಾವೂನಿನ ಜೋಹಾರ್ ಕಣಿವೆಯ ಜನರು ಪ್ರತಿ ಬೇಸಗೆಯಲ್ಲಿಯೂ ಧಾನ್ಯವನ್ನೂ ಬಟ್ಟೆಯನ್ನೂ ಕುರಿಗಳ ಬೆನ್ನಿಗೆ ಹೇರಿ, ಹಿಮದ ಕಣಿವೆದಾರಿಗಳನ್ನು ದಾಟಿ, ತಿಬೆಟ್ಟಿನ ಸಂತೆಗಳಿಗೆ ಹೋಗಿ, ಉಪ್ಪು, ಬಿಳಿಗಾರ, ಉಣ್ಣೆಗಳನ್ನು ತರುತ್ತಿದ್ದರು. ಯಾತ್ರಿಕನಿಗೂ ವರ್ತಕನಿಗೂ ದಾರಿಯಿತ್ತು. ಕ್ಯಾಪ್ಟನ್ ಮಾಂಟ್‌ಗಮರಿ ಎಂಬ ಮೋಜಣಿಯ ಅಧಿಕಾರಿಯು ಇದನ್ನು ಗಮನಿಸಿ, ದೇಶೀಯರಿಗೇ ಅಳತೆಯ ವಿದ್ಯೆಯನ್ನು ಕಲಿಸಿ ಕಳುಹಿಸಬೇಕೆಂದು ೧೮೬೨ರಲ್ಲಿ ಸೂಚಿಸಿದನು. ಮರುವರುಷ ಯಾರ್ಕಂದಿಗೆ ಹೋದ ಅಬ್ದುಲ್ ಹಮೀದನೆಂಬವನು ಹಿಂದಿರುಗುವ ದಾರಿಯಲ್ಲಿಯೇ ಮಡಿದನು. ಅವನು ಬರೆದಿಟ್ಟ ಲೆಕ್ಕಗಳು ಮಾತ್ರ ಉಳಿದು ಬಂದುವು. ಈ ಕೆಲಸದಲ್ಲಿ ಮನುಷ್ಯನಿಗಿಂತ ಅವನ ಟಿಪ್ಪಣಿಯು ಹೆಚ್ಚು ಬಾಳುವುದೆಂಬುದು ಮೊದಲಿಗೇ ಗೊತ್ತಾಯಿತು.

ಆಮೇಲೆ ಆಯ್ದವನು ಜೋಹಾರ್ ಕಣಿವೆಯ ಮೀಲಂ ಗ್ರಾಮದ ಶಾಲೆಯ ಉಪಾಧ್ಯಾಯ ನೈನ್‌ಸಿಂಗ್ ರಾವತ್, ಹುಟ್ಟಿದುದು ೧೮೩೦ರಲ್ಲಿ. ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದುದರಿಂದ ‘ಪಂಡಿತ’ ಎಂಬ ಹೆಸರು ಬಂದಿತು. ಮುಂದೆ ಇಂತಹ ಎಲ್ಲ ಗುಪ್ತ ಮೋಜಣಿದಾರರಿಗೂ ಅದೇ ಹೆಸರು ನಿಂತಿತು. ೧೮೬೩ರಲ್ಲಿ ಅವನನ್ನೂ ಅವನ ಬಂಧುವಾದ ಮಣಿಸಿಂಗನನ್ನೂ ಡೆಹರಾಡೂನಿಗೆ ಕರೆಸಿ ಎರಡು ವರುಷ ಕಲಿಸಿದರು. ಕಲಿಸಿದ ಮೊದಲ ಪಾಠ ನಡೆಯುವುದು! ಬೆಟ್ಟದಲ್ಲಿ ಹುಟ್ಟಿದವನಿಗೆ ನಡೆಯಲು ಕಲಿಸಬೇಕೆ ಎಂದು ನಗು ಬಂದೀತು. ಏರಿನಲ್ಲಿಯೂ ಇಳಿಜಾರಿನಲ್ಲಿಯೂ ಸಮತಟ್ಟಿನಲ್ಲಿಯೂ ಒಂದೇ ಅಳತೆಯ ಹೆಜ್ಜೆಯನ್ನಿಡುವ ಅಭ್ಯಾಸವದು. ಎರಡು ಸಾವಿರ ಹೆಜ್ಜೆಗಳಿಗೆ ಒಂದು ಮೈಲಿ. ಎಂದರೆ ಒಂದೊಂದು ಹೆಜ್ಜೆಯೂ ಎರಡೂವರೆ ಅಡಿಗಿಂತ ಸ್ವಲ್ಪ ಹೆಚ್ಚು. ಅಂಗಾಲೇ ಅಳತೆಗೋಲಾಗಬೇಕು.

ಸಾವಿರಾರು ಹೆಜ್ಜೆಗಳನ್ನು ಮನಸ್ಸಿನಲ್ಲಿ ಎಣಿಸಿ ನೆನಪಿಡುವುದು ಯಾರಿಂದಲೂ ಆಗದು. ಅದಕ್ಕೆ ಜಪಮಾಲೆಯು ಸಹಾಯಕ್ಕೆ ಬಂದಿತು. ಬೌದ್ಧರ ಜಪಮಾಲೆಯಲ್ಲಿ ೧೦೮ ಮಣಿಗಳು. ಪಂಡಿತನ ಮಾಲೆಯಲ್ಲಿ ೧೦೦. ನೂರು ಹೆಜ್ಜೆಗೆ ಒಂದು ಮಣಿಯನ್ನು ಜಾರಿಸುವುದು. ಹತ್ತನೆಯ ಮಣಿ ಮಾತ್ರ ದೊಡ್ಡದು. ಮಾಲೆ ಒಂದು ಸುತ್ತು ಮುಗಿದರೆ ಹತ್ತು ಸಾವಿರ ಹೆಜ್ಜೆ, ಐದು ಮೈಲಿ. ಎಂಟು ಮಣಿಗಳ ಕೊರತೆಯನ್ನು ಯಾರೂ ಎಣಿಸಿ ನೋಡಲಿಲ್ಲ. ಕೈಯಲ್ಲಿ ತಿರುಗುವ ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಗೆ ಬದಲಾಗಿ ಬಿಳಿಯ ಕಾಗದ. ದಿಕ್ಕು ದೂರಗಳ ಟಿಪ್ಪಣಿಗೆ ಅದೇ ಪುಸ್ತಕ. ಅಪರಿಚಿತರು ಹತ್ತಿರ ಬಂದರೆ ಚಕ್ರವನ್ನು ತಿರುಗಿಸುತ್ತ ಮಂತ್ರ ಗುಣುಗುಟ್ಟಿದರೆ ಸಾಕು, ಭಕ್ತನ ಜಪವನ್ನು ಕೆಡಿಸಲು ಯಾರೂ ಮುಂದಾಗರು. ಪೆಟ್ಟಿಗೆಯ ಕಳ್ಳತಳದಲ್ಲಿ ನಕ್ಷತ್ರಗಳನ್ನು ಅಳೆಯುವ ಸೆಕ್ಸ್‌ಟಂಟ್ ಇತ್ತು. ಕವಡೆಗಳಲ್ಲಿ ಪಾದರಸವನ್ನು ತುಂಬಿ ಮೇಣದಿಂದ ಮುಚ್ಚಿದ್ದರು. ರಾತ್ರಿ ಅದನ್ನು ಬಟ್ಟಲಿಗೆ ಸುರಿದರೆ ಸಮತಲವಾದ ಕನ್ನಡಿಯೊಂದು ಸಿದ್ಧ, ನಕ್ಷತ್ರದ ಎತ್ತರವನ್ನು ಅದರಿಂದ ಗೊತ್ತುಮಾಡಬಹುದು. ಅಡಿಗೆಯ ನೀರು ಕುದಿಯುವಾಗ ಉಷ್ಣಮಾಪಕವನ್ನು ಅದ್ದಿ ನೋಡಿದರೆ ಸ್ಥಳದ ಎತ್ತರ ತಿಳಿಯುತ್ತಿತ್ತು. ಮೇಲಕ್ಕೆ ಹೋದಷ್ಟೂ ನೀರು ಕಡಿಮೆ ಶಾಖದಲ್ಲಿ ಕುದಿಯುವುದಷ್ಟೆ.

೧೮೬೫ರಲ್ಲಿ ಈ ಇಬ್ಬರೂ ಹೊರಟು ನೇಪಾಳವನ್ನು ಸೇರಿದರು. ಗಡಿಯಲ್ಲಿ ಒಮ್ಮೆ ತಡೆದು ಹಿಂದಕ್ಕೆ ಕಳುಹಿಸಲ್ಪಟ್ಟಮೇಲೆ ಅವರು ಬೇರೆ ಬೇರೆ ದಾರಿ ಹಿಡಿದರು. ನೈನ್‌ಸಿಂಗನು ಲಡಾಖಿನ ವರ್ತಕರ ತಂಡವೊಂದನ್ನು ಸೇರಿ ಪೂರ್ವಕ್ಕೆ ನಡೆದು ೧೮೬೬ರ ಜನವರಿಯಲ್ಲಿ ಲ್ಹಾಸಾ ನಗರವನ್ನು ಮುಟ್ಟಿದನು. ಕೈಯಲ್ಲಿದ್ದ ಹಣ ಮುಗಿಯಿತು. ಹಳೆಯ ವೃತ್ತಿಯೇ ಆಗ ಕಾಪಾಡಿತು. ನೇಪಾಳಿ ವರ್ತಕರಿಗೆ ಲೆಕ್ಕ ಬರೆಯುವ ಕ್ರಮವನ್ನು ಕಲಿಸಿ ಹೊಟ್ಟೆ ಹೊರೆದನು. ಅಪ್ಪಣೆಯಿಲ್ಲದೆ ಬಂದ ಚೀಣನೊಬ್ಬನ ತಲೆಯನ್ನು ಬಹಿರಂಗವಾಗಿ ಕಡಿದುದನ್ನು ಅವನು ಅಲ್ಲಿ ಕಂಡನು. ಆ ದಿನದಿಂದ ಬೀದಿಯಲ್ಲಿ ಕಾಣಿಸಿಕೊಳ್ಳುವುದನ್ನು ಕಡಿಮೆ ಮಾಡಿದನು; ರಾತ್ರಿ ನಕ್ಷತ್ರ ನೋಡುವುದನ್ನು ಮಾತ್ರ ಬಿಡಲಿಲ್ಲ. ಲ್ಹಾಸಾ ಭೂಮಿಯ ಮೇಲೆ ಎಲ್ಲಿದೆ ಎಂಬುದನ್ನು ನೆಚ್ಚಿಗೆಯಿಂದ ಹೇಳಲು ಸಾಧ್ಯವಾದುದು ಅವನ ಆ ರಾತ್ರಿಗಳಿಂದ. ಹಿಂದಿರುಗುವಾಗ ಸಾಂಗ್‌ಪೋ ಎಂದು ಅಲ್ಲಿಯವರು ಕರೆಯುವ ಮಹಾನದಿಯನ್ನು ಮಾನಸ ಸರೋವರದ ಕಡೆಗೆ ಅನುಸರಿಸಿ, ಆ ವರುಷವೇ ಡೆಹರಾಡೂನಿಗೆ ಬಂದನು. ಅಳೆದ ದಾರಿ ೧,೨೦೦ ಮೈಲಿ. ಎರಡು ಸಾವಿರದಿಂದ ಗುಣಿಸಿದರೆ ಇಪ್ಪತ್ತನಾಲ್ಕು ಲಕ್ಷ ಹೆಜ್ಜೆ, ಒಂದೊಂದನ್ನೂ ಎಣಿಸಿದ್ದನು.

೧೮೭೪-೭೫ರಲ್ಲಿ ಅವನು ಮತ್ತೊಮ್ಮೆ ಲೇಹ್ ಪಟ್ಟಣದಿಂದ ಹೊರಟು, ಲ್ಹಾಸಾ ಮಾರ್ಗವಾಗಿ ತವಾಂಗಿಗೆ ಬಂದು ಅಸ್ಸಾಮಿಗೆ ಇಳಿದನು. ೧೮೭೭ರಲ್ಲಿ ಲಂಡನಿನ ರಾಯಲ್ ಭೂಗೋಳ ಸಂಘವು ಅವನಿಗೆ ಚಿನ್ನದ ಪದಕವನ್ನು ಕೊಟ್ಟಿತು. ಸೋಜಿಗವೆಂದರೆ, ಜಪಮಾಲೆ, ಚಕ್ರಗಳ ಗುಟ್ಟನ್ನೆಲ್ಲ ಮಾಂಟ್‌ಗಮರಿಯು ಆ ಸಂಘದ ಪತ್ರಿಕೆಯಲ್ಲಿ ೧೮೬೮ರಲ್ಲಿಯೇ ಅಚ್ಚು ಹಾಕಿಸಿದ್ದನು. ಪಂಡಿತರ ಹೆಸರುಗಳನ್ನು ಮಾತ್ರ ಮುಚ್ಚಿಟ್ಟು, ಸಂಕೇತಾಕ್ಷರಗಳಿಂದ ಕರೆಯುತ್ತಿದ್ದರು. ವಿದ್ಯೆಯು ಬಯಲಾಯಿತು, ವಿದ್ಯಾವಂತನು ಮರೆಯಾಗಿಯೇ ಉಳಿದನು.

ಹೀಗೆ ಸಾಂಗ್‌ಪೋ ನದಿಯ ಮೇಲುಭಾಗವು ನಕಾಶೆಗೆ ಬಂದಿತು. ಕೆಳಭಾಗವು ಬರಲಿಲ್ಲ. ತಿಬೆಟ್ಟಿನ ಪೂರ್ವದಲ್ಲಿ ನದಿಯು ನಾಮ್ಚಾ ಬರ್ವಾ, ಗ್ಯಾಲಾ ಪೇರಿ ಎಂಬ ಎರಡು ಮಹಾಶಿಖರಗಳ ನಡುವಣ ಕಮರಿಯನ್ನು ಹೊಕ್ಕು ಕಣ್ಮರೆಯಾಗುತ್ತಿತ್ತು. ನಾಮ್ಚಾ ಬರ್ವಾ ೨೫,೫೦೦ ಅಡಿಗಿಂತ ಎತ್ತರವಾದುದು. ಕಮರಿಯ ಮೇಲ್ದಡದಲ್ಲಿ ನೀರು ಸುಮಾರು ಒಂಬತ್ತು ಸಾವಿರ ಅಡಿಯ ಮಟ್ಟದಲ್ಲಿತ್ತು. ಅಸ್ಸಾಮಿನ ಅಂಚಿನಲ್ಲಿ ದಿಹಾಂಗ್ ನದಿಯು ಸಾವಿರ ಅಡಿಗಿಂತ ಕೆಳಗೆ ಬಯಲಿಗೆ ಬೀಳುತ್ತಿತ್ತು. ಎರಡೂ ಒಂದೇ ನದಿಯೆ? ಸಾಂಗ್‌ಪೋ ಬರ್ಮಾ ದೇಶದ ಐರಾವತಿಯನ್ನು ಸೇರುವುದೆಂದು ವಾದಿಸುವ ವಿದ್ವಾಂಸರಿದ್ದರು. ನಡುವಣ ಸೀಮೆಯನ್ನು ಮೇಲಿನಿಂದ ತಿಬೆಟ್ಟಿನ ಅಧಿಕಾರಿಗಳೂ ಕೆಳಗಿನಿಂದ ಅಬೋರ್ ಎಂದು ಆಗ ಕರೆಯುತ್ತಿದ್ದ ಆದಿ ಜನರೂ ಕಾಯುತ್ತಿದ್ದರು.

ಇಲ್ಲಿ ನಮ್ಮ ವೃತ್ತಾಂತದ ಎರಡನೆಯ ಮನುಷ್ಯನು ಬರುತ್ತಾನೆ. ಅವನು ಸಿಕ್ಕಿಮಿನ ಲೆಪ್ಚಾ ಕುಲದವನು, ಹೆಸರು ಕಿಂಥುಪ್, ಡಾರ್ಜಿಲಿಂಗಿನಲ್ಲಿ ಬಟ್ಟೆ ಹೊಲಿಯುವ ಚಿಪ್ಪಿಗ. ಓದುಬರಹ ಬಾರದು. ೧೮೭೮ರಲ್ಲಿ ನೇಂಸಿಂಗನೆಂಬ ಮೋಜಣಿದಾರನಿಗೆ ಸಹಾಯಕನಾಗಿ ಕಮರಿಯ ಬಾಯಿಯಲ್ಲಿರುವ ಗ್ಯಾಲಾ ಎಂಬ ಊರಿನವರೆಗೆ ಹೋಗಿ ಬಂದಿದ್ದನು. ೧೮೮೦ರಲ್ಲಿ ಹಾರ್ಮನ್ ಎಂಬ ಅಧಿಕಾರಿಯು ಒಂದು ಉಪಾಯವನ್ನು ಹೂಡಿದನು. ಒಬ್ಬ ಲಾಮಾ ಮತ್ತು ಅವನ ಆಳಿನ ವೇಷದಲ್ಲಿ ಕಿಂಥುಪ್ ಕಮರಿಗೆ ಹೋಗಬೇಕು. ಗುರುತು ಮಾಡಿದ ಐನೂರು ಮರದ ತುಂಡುಗಳನ್ನು, ದಿನಕ್ಕೆ ಐವತ್ತರಂತೆ, ಗೊತ್ತಾದ ದಿನಗಳಲ್ಲಿ ಸಾಂಗ್‌ಪೋ ನದಿಗೆ ಬಿಡಬೇಕು. ಅಸ್ಸಾಮಿನಲ್ಲಿ ಕಾವಲಿರುವವರು ದಿಹಾಂಗಿನಲ್ಲಿ ಅವು ತೇಲಿ ಬರುವುವೇ ಎಂದು ನೋಡಬೇಕು. ಬಂದರೆ ಎರಡೂ ಒಂದೇ ನದಿ.

ಉಪಾಯವು ಸರಳ, ಮನುಷ್ಯರು ಸರಳರಲ್ಲ. ಲಾಮಾ ದಾರಿಯಲ್ಲಿ ಆತಿಥ್ಯ ಕೊಟ್ಟವನ ಹೆಂಡತಿಯಲ್ಲಿ ಮನಸ್ಸಿಟ್ಟು ಒಂದೇ ಹಳ್ಳಿಯಲ್ಲಿ ನಾಲ್ಕು ತಿಂಗಳು ನಿಂತನು. ಆ ವ್ಯವಹಾರವನ್ನು ಬಗೆಹರಿಸಲು ಕಿಂಥುಪ್ ಇಪ್ಪತ್ತೈದು ರೂಪಾಯಿಗಳನ್ನು ತೆರಬೇಕಾಯಿತು. ೧೮೮೧ರ ಮೇ ತಿಂಗಳಿನಲ್ಲಿ ಅವನು ತೊಂಗ್ಯುಕ್ ಎಂಬ ಕೋಟೆಯಲ್ಲಿ ‘ಎರಡು ಮೂರು ದಿನಗಳಲ್ಲಿ ಬರುತ್ತೇನೆ’ ಎಂದು ಹೇಳಿ ಹೊರಟು ಹೋದನು, ಬರಲೇ ಇಲ್ಲ. ಕಿಂಥುಪನನ್ನು ಕೋಟೆಯ ಅಧಿಕಾರಿಗೆ ಗುಲಾಮನನ್ನಾಗಿ ಮಾರಿ ಹೋಗಿದ್ದನು.

೧೮೮೨ರ ಮಾರ್ಚಿಯಲ್ಲಿ ಕಿಂಥುಪ್ ತಪ್ಪಿಸಿಕೊಂಡನು. ಈ ಗಳಿಗೆಯಲ್ಲಿ ಅವನ ಮುಂದೆ ಎರಡು ದಾರಿಗಳಿದ್ದುವು. ಪಶ್ಚಿಮಕ್ಕೆ ಹೋದರೆ ಮನೆ. ಪೂರ್ವಕ್ಕೆ ಹೋದರೆ ನದಿ. ಒಡೆಯನಾಗಿ ಕಳುಹಿಸಲ್ಪಟ್ಟವನು ಓಡಿಹೋಗಿದ್ದಾನೆ, ಹಣವಿಲ್ಲ, ಗೊತ್ತಾದ ದಿನಗಳು ಕಳೆದುಹೋಗಿವೆ, ಹಿಂದಿರುಗಿದ್ದರೆ ಅವನನ್ನು ಆಕ್ಷೇಪಿಸುವವರು ಯಾರೂ ಇರಲಿಲ್ಲ. ಅವನು ನದಿಯ ಕಡೆಗೆ ನಡೆದನು.

ಬೆನ್ನಟ್ಟಿ ಬಂದವರು ಮಾರ್ಪುಂಗ್ ಎಂಬಲ್ಲಿಯ ಮಠದ ಬಳಿ ಅವನನ್ನು ಹಿಡಿಯುವುದರಲ್ಲಿದ್ದರು. ಕಿಂಥುಪ್ ಮಠಾಧಿಪತಿಯ ಕಾಲಿಗೆ ಬಿದ್ದು ತನ್ನ ಕಥೆಯನ್ನು ಹೇಳಿಕೊಂಡನು. ಆತನು ಕರುಣೆಗೊಂಡು ಐವತ್ತು ರೂಪಾಯಿ ಕೊಟ್ಟು ಅವನನ್ನು ಕೊಂಡುಕೊಂಡನು. ಹೀಗೆ ಮತ್ತೊಮ್ಮೆ ಆಳಾಗಿ, ನಾಲ್ಕೂವರೆ ತಿಂಗಳು ದುಡಿದಮೇಲೆ, ತೀರ್ಥಯಾತ್ರೆಗೆಂದು ರಜಾ ಬೇಡಿದನು. ಆ ರಜೆಯಲ್ಲಿ ಕಾಡಿಗೆ ಹೋಗಿ ಐನೂರು ತುಂಡುಗಳನ್ನು ಕಡಿದು, ಯಾರೂ ಸುಳಿಯದ ಗುಹೆಯೊಂದರಲ್ಲಿ ಬಚ್ಚಿಟ್ಟು, ಮಠಕ್ಕೆ ಹಿಂದಿರುಗಿದನು. ಮತ್ತೆ ಕೆಲವು ಕಾಲ ಸೇವೆ. ಮತ್ತೆ ಯಾತ್ರೆಯ ರಜೆ. ಈ ಸಲ ಲ್ಹಾಸಾಕ್ಕೆ ನಡೆದು, ತನ್ನ ನಾಡಿನವನೊಬ್ಬನಿಂದ ಡಾರ್ಜಿಲಿಂಗಿಗೆ ಪತ್ರ ಬರೆಯಿಸಿದನು: ಲಾಮಾ ನನ್ನನ್ನು ಮಾರಿದ್ದಾನೆ, ತುಂಡುಗಳು ಸಿದ್ಧವಾಗಿವೆ, ಇಂತಹ ತಿಂಗಳಿನ ಇಂತಹ ದಿನಗಳಲ್ಲಿ ಬಿಡುತ್ತೇನೆ, ಕಾಯಿರಿ ಎಂಬುದು ಅದರ ತಾತ್ಪರ್ಯ. ಲ್ಹಾಸಾದಿಂದ ಮನೆಯ ದಾರಿ ಅವನಿಗೆ ತಿಳಿದೇ ಇತ್ತು. ಆದರೂ ಹಿಂದಿರುಗಿ ಮಠಕ್ಕೆ ಬಂದು ಮತ್ತೆ ಒಂಬತ್ತು ತಿಂಗಳು ದುಡಿದನು. ಅವನ ಭಕ್ತಿಯನ್ನು ಮೆಚ್ಚಿ ಮಠಾಧಿಪತಿಯು ಬಿಡುಗಡೆ ಕೊಟ್ಟನು. ಬಿಪುಂಗ್ ಎಂಬಲ್ಲಿ ಕಿಂಥುಪ್ ದಿನಕ್ಕೆ ಐವತ್ತರಂತೆ ಹತ್ತು ದಿನ ಐನೂರು ತುಂಡುಗಳನ್ನೂ ನದಿಗೆ ಬಿಟ್ಟನು.

ಕೆಳಗೆ ಯಾರೂ ಕಾಯುತ್ತಿರಲಿಲ್ಲ. ಪತ್ರವು ಸಕಾಲದಲ್ಲಿ ತಲಪಬೇಕಾದವರಿಗೆ ತಲಪಲಿಲ್ಲ. ಹಾರ್ಮನನು ಆರೋಗ್ಯ ಕೆಟ್ಟು ದೇಶವನ್ನು ಬಿಟ್ಟು ಹೋಗಿ, ೧೮೮೩ರಲ್ಲಿ ತೀರಿಕೊಂಡಿದ್ದನು. ಐನೂರು ತುಂಡುಗಳು ಅಸ್ಸಾಮನ್ನು ಹಾದು, ಬಂಗಾಳವನ್ನು ಹಾದು, ಯಾರ ಕಣ್ಣಿಗೂ ಬೀಳದೆ ಸಮುದ್ರದ ಕಡೆಗೆ ಹೋದುವು.

ಕಿಂಥುಪ್ ಅಷ್ಟಕ್ಕೇ ನಿಲ್ಲದೆ, ನದಿಯ ಜೊತೆಯಲ್ಲಿಯೇ ಕೆಳಗೆ ನಡೆದು ಬಯಲುಸೀಮೆಗೆ ಮೂವತ್ತು ನಲವತ್ತು ಮೈಲಿಗಳಷ್ಟು ಸಮೀಪಕ್ಕೆ ಬಂದನು. ಮುಂದೆ ದಾರಿ ದೊರೆಯಲಿಲ್ಲ. ಬಂದ ದಾರಿಯಲ್ಲಿಯೇ ಮತ್ತೆ ತಿಬೆಟ್ಟನ್ನೇರಿ, ೧೮೮೪ರ ನವೆಂಬರಿನಲ್ಲಿ ಡಾರ್ಜಿಲಿಂಗಿಗೆ ಬಂದನು. ನಾಲ್ಕು ವರುಷಗಳಾಗಿದ್ದುವು. ತಾಯಿ ಆ ನಡುವೆ ಮೃತಳಾಗಿದ್ದಳು.

ಅವನು ಕಂಡುದನ್ನೆಲ್ಲ ಬಾಯಿಂದ ಹೇಳಿದನು, ಬೇರೆಯವರು ಬರೆದುಕೊಂಡರು, ಅದು ಇಂಗ್ಲಿಷಿಗೆ ತಿರುಗಿತು. ಓದಿದ ಪಂಡಿತವರ್ಗದಲ್ಲಿ ಹಲವರು ನಂಬಲಿಲ್ಲ. ಅಕ್ಷರ ಬಾರದ ಚಿಪ್ಪಿಗನು ನಾಲ್ಕು ವರುಷದ ಹಿಂದಿನ ಊರು, ದಾರಿಗಳನ್ನು ಕ್ರಮವಾಗಿ ಹೇಳುವುದುಂಟೆ ಎಂಬುದು ಅವರ ಆಕ್ಷೇಪ. ಅವನ ಹೇಳಿಕೆಯಲ್ಲಿ ಒಂದು ಸಂಗತಿ ಮಾತ್ರ ಎಲ್ಲರನ್ನೂ ಸೆಳೆಯಿತು: ಕಮರಿಯೊಳಗೆ ಪೇಮಾಕೋಚುಂಗಿನ ಬಳಿ ನದಿಯು ೧೫೦ ಅಡಿ ಎತ್ತರದಿಂದ ಧುಮುಕುತ್ತದೆಂಬುದು. ಮಿಕ್ಕುದನ್ನು ನಂಬದವರು ಕೂಡ ಈ ಜಲಪಾತವನ್ನು ನಂಬಿದರು. ನಂಬಲು ಮನಸ್ಸಿದ್ದುದನ್ನು ನಂಬುವುದು ವಿದ್ವಾಂಸರಿಗೂ ಸಹಜವಷ್ಟೆ!

೧೯೧೩ರಲ್ಲಿ ಬೇಯ್ಲಿ, ಮೋರ್ಸ್‌ಹೆಡ್ ಎಂಬ ಇಬ್ಬರು ಅಧಿಕಾರಿಗಳು ಆ ಸೀಮೆಯಲ್ಲಿ ಕಾಲ್ನಡೆಯಾಗಿ ಸಂಚರಿಸಿದರು. ಕಿಂಥುಪ್ ಹೇಳಿದ ಊರುಗಳು ಹೇಳಿದ ಕ್ರಮದಲ್ಲಿಯೇ ಸಿಕ್ಕಿದುವು. ಸಾಂಗ್‌ಪೋ ನದಿಯೇ ದಿಹಾಂಗ್, ದಿಹಾಂಗೇ ಬ್ರಹ್ಮಪುತ್ರಾ ಎಂಬುದರಲ್ಲಿ ಸಂಶಯವುಳಿಯಲಿಲ್ಲ. ಜಲಪಾತವು ಮಾತ್ರ ಸುಮಾರು ಮೂವತ್ತು ಅಡಿಯದು. ೧೫೦ ಅಡಿಯದು ಗ್ಯಾಲಾದ ಬಳಿ ಬೆಟ್ಟದಿಂದ ಬೀಳುವ ಬೇರೊಂದು ಸಣ್ಣ ಝರಿ. ಹೇಳಿದುದನ್ನು ಬರೆಯುವಾಗ, ಬರೆದುದನ್ನು ಭಾಷಾಂತರಿಸುವಾಗ, ಎರಡೂ ಬೆರೆತುಹೋಗಿದ್ದುವು. ಅಕ್ಷರ ಬಾರದವನ ನೆನಪು ಸರಿಯಾಗಿತ್ತು. ತಪ್ಪು ಹುಟ್ಟಿದುದು ಅಕ್ಷರಸ್ಥರ ಕಾಗದದಲ್ಲಿ. ಇದನ್ನು ನಾವು ವಿಶೇಷವಾಗಿ ಮನಸ್ಸಿನಲ್ಲಿಡತಕ್ಕದ್ದು.

ಬೇಯ್ಲಿಯು ಹಿಂದಿರುಗಿ ಕಿಂಥುಪನನ್ನು ಹುಡುಕಿಸಿದನು. ಮುದುಕನು ಡಾರ್ಜಿಲಿಂಗಿನಲ್ಲಿ ಇನ್ನೂ ಬಟ್ಟೆ ಹೊಲಿಯುತ್ತಿದ್ದನು. ಅವನಿಗೆ ಪಿಂಚಣಿ ಕೊಡಬೇಕೆಂದು ಬೇಯ್ಲಿಯು ಕೇಳಿದನು. ಸರ್ಕಾರವು ಪಿಂಚಣಿಗೆ ಒಪ್ಪದೆ ಒಂದು ಸಾವಿರ ರೂಪಾಯಿಗಳನ್ನು ಒಮ್ಮೆಗೇ ಕೊಟ್ಟು ಮುಗಿಸಿತು. ಅನಂತರ ಅವನು ಬಹುಕಾಲ ಬದುಕಲಿಲ್ಲ.

ಈ ಸಾಹಸವನ್ನು ಮೆಚ್ಚುವಾಗ ಮತ್ತೊಂದು ಮುಖವನ್ನು ಮರೆತರೆ ಇತಿಹಾಸಕ್ಕೆ ಅನ್ಯಾಯವಾದೀತು. ಪಂಡಿತರು ಅಳೆದುದು ತಮಗಾಗಿ ಅಲ್ಲ. ೧೯೦೩-೦೪ರಲ್ಲಿ ಯಂಗ್‌ಹಸ್ಬೆಂಡನ ಸೈನ್ಯವು ಲ್ಹಾಸಾಕ್ಕೆ ನುಗ್ಗಿದಾಗ, ಅಳೆಯುವವನ ಹಿಂದೆ ಆಳುವವನು ಬರುವನೆಂಬ ತಿಬೆಟ್ಟಿನವರ ಹಳೆಯ ಭಯವು ನಿಜವಾಯಿತು. ೧೮೭೯ರಲ್ಲಿಯೂ ೧೮೮೧ರಲ್ಲಿಯೂ ತಿಬೆಟ್ಟಿಗೆ ಹೋದ ಶರಚ್ಚಂದ್ರ ದಾಸರಿಗೆ ಆಶ್ರಯ ಕೊಟ್ಟ ತಶೀಲ್ಹುನ್‌ಪೋ ಮಠದ ಸೆಂಗ್‌ಚೆನ್ ಲಾಮಾ ಎಂಬ ಮಹಾವಿದ್ವಾಂಸನನ್ನು, ಅತಿಥಿಯು ಗುಪ್ತಚಾರನೆಂದು ತಿಳಿದಮೇಲೆ, ೧೮೮೭ರಲ್ಲಿ ನದಿಯಲ್ಲಿ ಮುಳುಗಿಸಿ ಕೊಂದರು. ಅತಿಥಿಯು ಮನೆ ಸೇರಿ ಗೌರವ ಪಡೆದನು. ಆತಿಥ್ಯ ಕೊಟ್ಟವನು ಪ್ರಾಣ ತೆತ್ತನು. ನಕಾಶೆಯ ಗೆರೆಗಳಲ್ಲಿ ಇಂತಹ ಋಣಗಳೂ ಸೇರಿವೆ.

ಆ ಕಣಿವೆಗಳು ಇಂದೇನಾಗಿವೆ? ೧೯೬೨ರ ಯುದ್ಧದಿಂದ ಜೋಹಾರಿನ ಗಡಿ ವ್ಯಾಪಾರವು ನಿಂತಿತು. ನೈನ್‌ಸಿಂಗನು ಮಕ್ಕಳಿಗೆ ಪಾಠ ಹೇಳಿದ ಮೀಲಂ ಗ್ರಾಮದ ಮನೆಗಳಲ್ಲಿ ಬಹುಪಾಲು ಪಾಳುಬಿದ್ದುವು. ದಿಹಾಂಗ್ ಹರಿಯುವ ಅರುಣಾಚಲ ಪ್ರದೇಶಕ್ಕೆ ಹೊರಗಿನ ಭಾರತೀಯನು ಹೋಗಬೇಕಾದರೆ, ೧೮೭೩ರ ಕಾನೂನಿನಂತೆ ಇಂದಿಗೂ ರಹದಾರಿ ಬೇಕು. ಗಡಿಯಾಚೆ, ಕಿಂಥುಪ್ ತುಂಡುಗಳನ್ನು ಕಡಿದ ಪೇಮಾಕೋ ಸೀಮೆಗೆ ಮೋಟಾರು ರಸ್ತೆ ಬಂದುದು ೨೦೧೩ರಲ್ಲಿ. ಕಮರಿಯ ಒಳಭಾಗದ ನೂರು ಅಡಿ ಮೀರಿದ ಜಲಪಾತವೊಂದನ್ನು ಹೊರಗಿನವರು ಅಳೆದುದು ೧೯೯೮ರಲ್ಲಿ. ಹಿಂದಿನವರು ಹುಡುಕಿದ ಮಹಾಪಾತವು ಸುಳ್ಳೂ ಅಲ್ಲ, ಹೇಳಿದಷ್ಟೂ ಅಲ್ಲ ಎಂದಾಯಿತು. ೨೦೨೫ರಲ್ಲಿ ಅದೇ ತಿರುವಿನಲ್ಲಿ ಚೀಣ ಸರ್ಕಾರವು ಭಾರಿ ವಿದ್ಯುತ್ ಯೋಜನೆಯೊಂದನ್ನು ಆರಂಭಿಸಿದೆ. ಮೇಲೆ ಎಷ್ಟು ನೀರು, ಕೆಳಕ್ಕೆ ಬರುವುದು ಎಷ್ಟು ಎಂಬ ಪ್ರಶ್ನೆಯನ್ನು ನದಿಯ ಕೆಳದಂಡೆಯವರು ಮತ್ತೆ ಕೇಳುತ್ತಿದ್ದಾರೆ.

೨೦೦೪ರಲ್ಲಿ ಭಾರತದ ಅಂಚೆ ಇಲಾಖೆಯು ನೈನ್‌ಸಿಂಗನ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮರೆಯಾಗಿದ್ದ ಹೆಸರೊಂದಕ್ಕೆ ಮುಖ ದೊರೆತುದು ಸಂತೋಷದ ಸಂಗತಿ. ಕಿಂಥುಪನ ನೆನಪು ಇರಬೇಕಾದುದು ಬೇರೆ ಕಡೆ. ಯಾರೂ ನೋಡುತ್ತಿಲ್ಲದಾಗ, ಕೊಟ್ಟ ಮಾತನ್ನು ಕೇಳುವವರೇ ಇಲ್ಲದಾಗ, ಹತ್ತು ದಿನ ದಡದಲ್ಲಿ ನಿಂತು, ದಿನಕ್ಕೆ ಐವತ್ತನ್ನು ಎಣಿಸಿ ನೀರಿಗೆ ಬಿಟ್ಟನಷ್ಟೆ! ನಲವತ್ತೊಂಬತ್ತಾಗಿದ್ದರೆ ತಿಳಿಯುವವರು ಯಾರು? ಅವನಿಗೆ ತಿಳಿಯುತ್ತಿತ್ತು. ಮುಂದೆ ಎಂದಾದರೂ ಭೂಪಟದಲ್ಲಿ ಆ ನೀಲಿಯ ತಿರುವನ್ನು ಮಕ್ಕಳಿಗೆ ತೋರಿಸುವಾಗ, ಅಲ್ಲಿ ಒಂದು ನಿಮಿಷ ಕೋಲನ್ನು ನಿಲ್ಲಿಸಿ ಆ ಚಿಪ್ಪಿಗನ ಹೆಸರನ್ನು ನಾವು ಹೇಳೋಣ.